ಹನ್ನೊಂದು ದಿನದ ಕೂಸಿಗೆ ಇಟ್ಟ ಹೆಸರು

ಸಿಹಿನೀರಿನ ವರ್ಷ ೧೧೨, ಗಾಳಿ ತಿಂಗಳ ಮೂವತ್ತೊಂಬತ್ತನೆಯ ದಿನ
ಮಧುಗಿರಿ ಬೆಟ್ಟದ ತಪ್ಪಲು

ನನಗಿಂತ ಮುನ್ನೂರು ವರ್ಷ ಹಿಂದೆ ಬಾಳುತ್ತಿರುವ ಹಿರಿಯರಿಗೆ,

ಮೇಲಿನ ತಾರೀಖನ್ನು ನೋಡಿ ಕಾಗದ ಮಡಚಿಡಬೇಡಿ. ನಮ್ಮ ತಿಂಗಳಿಗೆ ನಲವತ್ತು ದಿನ. ನಿಮ್ಮ ಎಣಿಕೆಯಲ್ಲಿ ಇದು ಎರಡು ಸಾವಿರದ ಮುನ್ನೂರ ಇಪ್ಪತ್ತೈದರ ಆಸುಪಾಸು. ನಿಮ್ಮ ಕನ್ನಡವನ್ನು ನಾನು ಪುಸ್ತಕಗಳಿಂದ ಕಲಿತವಳು. ಎಲ್ಲಿಯಾದರೂ ಮಾತು ವಿಚಿತ್ರವೆನಿಸಿದರೆ ಸಹಿಸಿಕೊಳ್ಳಿ. ಈ ಪತ್ರ ನಿಮ್ಮನ್ನು ತಲುಪಿದ ಬಗೆಯನ್ನು ವಿವರಿಸಲು ನನಗೆ ಅನುಮತಿಯಿಲ್ಲ. ನಾನು ಈ ಊರಿನ ಓದುಗಾರ್ತಿ. ಅಂದರೆ, ಹಳೆಯ ಕಾಗದಗಳನ್ನು ಓದಿ ಊರಿಗೆ ಅರ್ಥ ಹೇಳುವುದು ನನ್ನ ಕೆಲಸ. ವಯಸ್ಸು ಎಪ್ಪತ್ತೆರಡು. ಹೆಸರು ವಿನಯಾ. ನನ್ನ ತಕರಾರೂ ಅಲ್ಲಿಂದಲೇ ಶುರು.

ನಿಮ್ಮ ನಂತರ ಉಪ್ಪುಕಾಲ ಬಂತು. ಬಾವಿಗಳೆಲ್ಲ ಉಪ್ಪಾಗಿ, ಊರುಗಳು ಚದುರಿ, ಕೊನೆಗೆ ನೂರಿಪ್ಪತ್ತು ಮನೆಯವರು ಈ ಬೆಟ್ಟದ ಬುಡದಲ್ಲಿ ಸಿಹಿನೀರು ಕಂಡು ನಿಂತರು. ಕುಸಿದ ಶಾಲೆಯೊಂದರ ತಗಡಿನ ಪೆಟ್ಟಿಗೆಯಲ್ಲಿ ಅವರಿಗೆ ಸಿಕ್ಕಿದ್ದು ಒಂದು ಹಾಜರಿ ಪುಸ್ತಕ. ಅದರಲ್ಲಿ ಸಹನಾ, ಕ್ಷಮಾ, ವಿನಯಾ, ಶಾಂತಾ, ಕರುಣಾ, ಸತ್ಯವತಿ ಎಂದು ಸಾಲಾಗಿ ಬರೆದಿತ್ತು. ಪ್ರತಿ ಹೆಸರಿನ ಮುಂದೆ ದಿನಕ್ಕೊಂದು ಗೀಟು, ಅಲ್ಲಲ್ಲಿ ಖಾಲಿ. ಶಾಲೆಯನ್ನೇ ಕಂಡಿರದ ಆ ಜನ ಇದು ಗುಣಪರೀಕ್ಷೆಯ ದಫ್ತರವೆಂದು ತಿಳಿದರು. ಸಹನೆ ಇದ್ದ ದಿನ ಗೀಟು, ಇಲ್ಲದ ದಿನ ಖಾಲಿ! ಪೂರ್ವಿಕರು ಮಕ್ಕಳನ್ನು ವರ್ಷಗಟ್ಟಲೆ ಪರೀಕ್ಷಿಸಿ, ಅವರಲ್ಲಿ ಕಂಡ ಗುಣವನ್ನೇ ಹೆಸರಾಗಿ ಕೊಡುತ್ತಿದ್ದರೆಂದು ನಂಬಿದರು. ಆ ನಂಬಿಕೆಯ ಮೇಲೆ ಒಂದು ಊರು ಕಟ್ಟಿದರು.

ಈಗ ನಮ್ಮಲ್ಲಿ ಮಕ್ಕಳಿಗೆ ಹನ್ನೆರಡು ವರ್ಷದವರೆಗೆ ಹಾಲುಹೆಸರು ಮಾತ್ರ. ಆಮೇಲೆ 'ಹೆಸರುಮನೆ' ಎಂಬ ಸಭೆ ಕೂತು ಗುಣದ ಹೆಸರು ಕೊಡುತ್ತದೆ, ಹೆಸರಿನ ಹಿಂದೆಯೇ ಕೆಲಸವೂ ಬರುತ್ತದೆ. ಕರುಣಾ ಎಂದಾದವಳು ರೋಗಿಗಳ ಬಳಿ ಕೂರಬೇಕು. ಸತ್ಯವತಿ ಸಾಕ್ಷಿಕಟ್ಟೆ ಬಿಟ್ಟು ಏಳುವಂತಿಲ್ಲ. ಸಹನಾ ದೂರುಮನೆಯಲ್ಲಿ ಕೂತು ಊರಿನ ಬೈಗುಳವನ್ನೆಲ್ಲ ಎದುರುತ್ತರವಿಲ್ಲದೆ ಕೇಳಿಸಿಕೊಳ್ಳಬೇಕು, ಸಾಯುವವರೆಗೆ. ವಿನಯಾ ಸಭೆಯಲ್ಲಿ ಎಲ್ಲರ ನಂತರ ಮಾತಾಡಬೇಕು. ಅರವತ್ತು ವರ್ಷದಿಂದ ನನ್ನ ಸರದಿ ಬರುವ ಹೊತ್ತಿಗೆ ತೀರ್ಮಾನವಾಗಿ, ಜನ ಚಾಪೆ ಮಡಚುತ್ತಿರುತ್ತಾರೆ.

ಇನ್ನೊಂದು ಮಾತು. ಆ ಪುಸ್ತಕದಲ್ಲಿ ಹುಡುಗರ ಪುಟವೂ ಇತ್ತು. ಅಲ್ಲಿ ಇದ್ದವರು ವಿಜಯ, ವಿಕ್ರಮ, ಪ್ರತಾಪ, ಅಜೇಯ, ಕೊನೆಗೆ ಒಬ್ಬನೇ ಒಬ್ಬ ಶಾಂತಪ್ಪ. ತಾಳುವುದು, ತಗ್ಗುವುದು, ಮರೆತುಬಿಡುವುದು ಒಂದು ಪುಟಕ್ಕೆ. ಗೆಲ್ಲುವುದು ಇನ್ನೊಂದು ಪುಟಕ್ಕೆ. ನೀವು ಇದನ್ನು ಯೋಚಿಸದೆ ಮಾಡಿರಬಹುದು. ಇಲ್ಲಿ ಅದೇ ಕಾನೂನಾಯಿತು. ನಿಮ್ಮ ಮೇಲೆ ನನಗೆ ಸಿಟ್ಟಿರುವುದು ಈ ಒಂದು ಕಾರಣಕ್ಕೆ.

ನನ್ನ ಮೊಮ್ಮಗಳ ಹಾಲುಹೆಸರು ಗೀಜಿ, ಈಗಷ್ಟೇ ಹನ್ನೆರಡು ತುಂಬಿದೆ. ಗೀಜಗನ ಹಾಗೆ ಎಲ್ಲಿ ಬೇಕಾದರೂ ತೂಗಾಡುತ್ತಾಳೆ. ಬೆಟ್ಟದ ಮೇಲಿನ ಗಾಳಿಕಂಬಗಳನ್ನು ಹತ್ತಿ, ತಿರುಗುವ ರೆಕ್ಕೆಗಳ ಕೀಲಿಗೆ ಎಣ್ಣೆ ಬಿಡುವುದರಲ್ಲಿ ಅವಳಷ್ಟು ಚುರುಕಾದವರು ಈಗ ಊರಲ್ಲಿಲ್ಲ. ಹೋದ ವರ್ಷ ಬಿದ್ದು ಮೊಣಕೈ ಮುರಿದುಕೊಂಡಳು. ವೈದ್ಯ ಮೂಳೆ ಕೂಡಿಸುವಾಗ ಒಂದು ಹನಿ ಕಣ್ಣೀರು ಹಾಕಲಿಲ್ಲ. ಹೆಸರುಮನೆಯವರು ಅದನ್ನು ನೋಡಿ, ಈ ಹುಡುಗಿ ಸಹನಾ ಎಂದು ಗುರುತು ಹಾಕಿಕೊಂಡರು. ನಾನು ಕೇಳಿದ್ದಕ್ಕೆ ಅವಳು, "ಸಹನೆನೂ ಇಲ್ಲ ಮಣ್ಣೂ ಇಲ್ಲ ಅಜ್ಜಿ. ಅವನ ಕೈ ಕಚ್ಬೇಕು ಅಂತಿದ್ದೆ, ಬಾಯಿಗೆ ಎಟುಕ್ಲಿಲ್ಲ," ಎಂದಳು.

ಅವಳ ಹೆಸರು ತೀರ್ಮಾನಿಸಲು ನಿನ್ನೆ ಕೂತ ಸಭೆಯಲ್ಲಿ ನಾನು ಮೊದಲ ಬಾರಿಗೆ ಸರದಿ ಮುರಿದು ಎದ್ದು ನಿಂತೆ. ಹೆಸರುಮನೆಯ ಹಿರಿಯ ಶಾಂತಪ್ಪ, ಊರಲ್ಲೇ ಗಟ್ಟಿ ಗಂಟಲಿನವನು, ಕೂಗಿದ: "ಏ ವಿನಯಮ್ಮ, ನಿನ್ ಸರದಿ ಕೊನೇಲಿ ಕಣವ್ವ, ಕುತ್ಕೊ!"

"ಅರವತ್ತು ವರ್ಷ ಕುತ್ಕೊಂಡಿವ್ನಿ ಶಾಂತಪ್ಪ, ಸೊಂಟ ಹಿಡ್ಕೊಂಡದೆ. ಇವತ್ತು ನೀನು ಕುತ್ಕೊ," ಎಂದೆ. ಹಿಂದಿನ ಸಾಲಿನ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು.

ನಾನು ಹೇಳಿದ್ದು ಇಷ್ಟು. ಹುಡುಗಿಯಾಗಿದ್ದಾಗ ನಾನು ನಿಮ್ಮ ಕಾಲದ ಒಂದು ಅರ್ಧ ಸುಟ್ಟ ಪತ್ರ ಓದಿದ್ದೆ. ತಾಯಿಯೊಬ್ಬಳು ತನ್ನ ಅಕ್ಕನಿಗೆ ಬರೆದದ್ದು. ಕೂಸಿಗೆ ಹನ್ನೊಂದು ದಿನ, ತೊಟ್ಟಿಲಿಗೆ ಹಾಕಿ ಕಿವಿಯಲ್ಲಿ ಕರುಣಾ ಎಂದು ಕರೆದೆವು, ಹತ್ತಿರ ಬಂದವರನ್ನೆಲ್ಲ ಒದೆಯುತ್ತಾಳೆ ಎಂದಿತ್ತು ಅದರಲ್ಲಿ. ಹನ್ನೊಂದು ದಿನದ ಕೂಸಿನಲ್ಲಿ ಯಾವ ಗುಣವನ್ನು ಪರೀಕ್ಷಿಸುತ್ತೀರಿ? ಆ ಹೆಸರು ತೀರ್ಪಲ್ಲ, ಹಾರೈಕೆ. ಮಗು ಅದನ್ನು ಹೊತ್ತು ಬೆಳೆಯಬಹುದು, ಪಕ್ಕಕ್ಕಿಟ್ಟೂ ಬೆಳೆಯಬಹುದು. ಒದೆಯುವ ಕರುಣೆಗೂ ಆ ಮನೆಯಲ್ಲಿ ಜಾಗವಿತ್ತು.

ಶಾಂತಪ್ಪ ಕೆಟ್ಟವನಲ್ಲ. ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡು, "ಆ ಪತ್ರ ಎಲ್ಲೈತೆ?" ಎಂದ. ಗೆದ್ದಲು ತಿಂದು ನಲವತ್ತು ವರ್ಷವಾಯಿತು ಎಂದೆ. "ಹಂಗಾರೆ ಬರೀ ಬಾಯ್ಮಾತಾಯ್ತಲ್ಲವ್ವ. ಅವರ ಕೈಬರಹ ಒಂದು, ಒಂದೇ ಒಂದು ತಂದು ತೋರ್ಸು. ನಿನ್ ಮೊಮ್ಮಗಳು ಕಂಬ ಹತ್ಕೊಂಡಿರ್ಲಿ, ನಾನೇ ಎಣ್ಣೆ ಡಬ್ಬಿ ಹಿಡ್ಕೊಂಡು ನಿಂತ್ಕೊಂತೀನಿ," ಎಂದ. ಮೂರು ದಿನದ ಗಡುವು ಕೊಟ್ಟ. ಒಂದು ದಿನ ಹುಡುಕಾಟದಲ್ಲೇ ಕಳೆಯಿತು.

ಆದ್ದರಿಂದ ನಿಮ್ಮಲ್ಲಿ ಒಂದು ಕೋರಿಕೆ. ನಿಮ್ಮ ಮನೆಯಲ್ಲಿ ಸಹನಾ, ಕ್ಷಮಾ, ವಿನಯಾ, ಯಾರಾದರೂ ಇದ್ದೇ ಇರುತ್ತಾರೆ. ಒಂದು ಹಾಳೆ ತೆಗೆದುಕೊಳ್ಳಿ. ಹೆಸರಿಟ್ಟ ದಿನ ಮಗುವಿಗೆ ಎಷ್ಟು ದಿನ, ಯಾರು ಆರಿಸಿದರು, ಏನು ಆಸೆಯಿತ್ತು, ಮಗು ಆಮೇಲೆ ಏನಾಯಿತು, ಎಲ್ಲ ಬರೆಯಿರಿ. ಸಹನಾ ಬಾಗಿಲು ಒದ್ದು ಹೊರಟಿದ್ದರೆ ಅದನ್ನೂ ಬರೆಯಿರಿ. ಹೆಸರು ಬರೀ ಕೇಳಲು ಚೆನ್ನಾಗಿದೆಯೆಂದು ಇಟ್ಟಿದ್ದರೆ ನಾಚಿಕೊಳ್ಳದೆ ಹಾಗೆಯೇ ಹೇಳಿ. ನಮಗೆ ಅದೇ ಎಲ್ಲಕ್ಕಿಂತ ದೊಡ್ಡ ಸಾಕ್ಷಿ. ಅಕ್ಷರ ಸೊಟ್ಟಗಿದ್ದರೂ ನಾನು ಓದಬಲ್ಲೆ. ಗಾಜಿನ ಬಾಟಲಿಯಲ್ಲಿಟ್ಟು, ಬಾಯಿಗೆ ಮೇಣ ಹಾಕಿ, ಬೆಟ್ಟದ ಪೂರ್ವಕ್ಕೆ ಮಲಗಿದ ಎಮ್ಮೆಯಂತಿರುವ ಒಂಟಿ ಬಂಡೆಯ ಬುಡದಲ್ಲಿ ಮೊಣಕೈ ಆಳಕ್ಕೆ ಹೂಳಿ.

ನಾಡಿದ್ದು ಬೆಳಿಗ್ಗೆ ನಾನೂ ಗೀಜಿಯೂ ಗುದ್ದಲಿ ಹಿಡಿದು ಅಲ್ಲಿಗೆ ಹೋಗುತ್ತೇವೆ. ಶಾಂತಪ್ಪನೂ ಬರುತ್ತಾನೆ. ನಮ್ಮ ಪಾಲಿಗೆ ನೀವು ಬರೆದಿರೋ ಬಿಟ್ಟಿರೋ ಮುನ್ನೂರು ವರ್ಷದ ಹಿಂದೆಯೇ ತೀರ್ಮಾನವಾಗಿದೆ. ನಿಮ್ಮ ಕೈಯಲ್ಲಿ ಮಾತ್ರ ಇನ್ನೂ ಸಮಯವಿದೆ.

ಹನ್ನೆರಡು ವರ್ಷದವರೆಗೆ ಚಿಟ್ಟೆಯಾಗಿದ್ದ,
ವಿನಯಾ