ಅರವತ್ತೈದು ಕೆಜಿ ವಿಭಾಗ

ನವೆಂಬರ್ 9, ಭಾನುವಾರ

ತೂಕ 67.8. ಹಲ್ಲುಜ್ಜುವ ಮೊದಲೇ ಮೆಷಿನ್ ಹತ್ತಿದೆ. ಇಳಿದು ಮತ್ತೆ ಹತ್ತಿದೆ. ಅದೇ.

ಶುಗರ್ 112. ಅಮ್ಮ ಕೇಳಿ ದೇವರ ಫೋಟೋಗೆ ಕೈಮುಗಿದಳು. ನನಗೆ ಆ 112ರ ಮೇಲೆಯೇ ಸಿಟ್ಟು. ಪಂಪ್ ಹಾಕಿದಂದಿನಿಂದ ಹೀಗೇ, ಶುಗರ್ ಇಳಿದ ಹಾಗೆ ತೂಕ ಏರುತ್ತದೆ... ಹೊಟ್ಟೆಗೆ ಅಂಟಿಸಿದ ಸಪೂರ ನಳಿಕೆ, ಸೊಂಟದಲ್ಲಿ ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡ ಡಬ್ಬ, ದಿನವಿಡೀ ಹನಿ ಹನಿ ಇನ್ಸುಲಿನ್. ಅಕ್ಕ ಕುವೈಟಿನಿಂದ ಬಂದಾಗ ಹಟ ಹಿಡಿದು ಹಾಕಿಸಿದ್ದು. ಕಣ್ಣು, ಕಿಡ್ನಿ ಉಳಿಯುತ್ತವಂತೆ. ಉಳಿಯಲಿ. ಟೀಮಿನಲ್ಲಿ ನಾನು ಉಳಿಯುವುದು ಹೇಗೆಂದು ಯಾರೂ ಹೇಳಲಿಲ್ಲ.

ಡಿಸೆಂಬರ್ 13ಕ್ಕೆ ಬಂಟ್ವಾಳದಲ್ಲಿ ಮ್ಯಾಟ್ ಕಬಡ್ಡಿ. 65 ಕೆಜಿ ವಿಭಾಗ. ಆಟಕ್ಕೆ ಮೊದಲು ಎಲ್ಲರನ್ನೂ ತೂಗುತ್ತಾರೆ. ಹೆಚ್ಚಿದ್ದರೆ ಜರ್ಸಿ ಬಿಚ್ಚಿ ಹೊರಗೆ ಕೂರಬೇಕು.

ನವೆಂಬರ್ 14, ಶುಕ್ರವಾರ

ಮೂಡುಬಿದಿರೆಗೆ ಹೋಗಿ ಬಂದೆ. ಜ್ಯೋತ್ಸ್ನಾ ಡಾಕ್ಟರಿಗೆ ನನ್ನ ಶುಗರಿನ ಗ್ರಾಫ್ ನೋಡಿ ಖುಷಿಯೋ ಖುಷಿ. ತೂಕದ ವಿಷಯ ಎತ್ತಿದೆ.

"ಇಷ್ಟು ವರ್ಷ ನೀವು ತಿಂದದ್ದು ಮೂತ್ರದಲ್ಲಿ ಹೋಗ್ತಿತ್ತು. ಈಗ ಮೈಗೆ ಹಿಡೀತಾ ಉಂಟು. ಹೆದರ್ಬೇಡಿ."

ಶುಗರ್ ಇಳಿದಾಗಲೆಲ್ಲ ಬಿಸ್ಕೆಟ್ ಪ್ಯಾಕೆಟ್ಟನ್ನೇ ಖಾಲಿ ಮಾಡಬೇಡಿ ಎಂದರು. ಪಂಪಿನ ಡೋಸ್ ಸ್ವಲ್ಪ ತಗ್ಗಿಸಿದರು. ತೂಕ ನಿಧಾನಕ್ಕೆ ಇಳಿಯುತ್ತದೆ, ಆರು ತಿಂಗಳು ಕೊಡಿ ಎಂದರು. ನನ್ನ ಹತ್ತಿರ ಆರು ತಿಂಗಳು ಎಲ್ಲಿ ಉಂಟು?

ಆಟಕ್ಕೆ ಒಂದು ಗಂಟೆ ಪಂಪ್ ಬಿಚ್ಚಬಹುದು, ಹೆಚ್ಚು ಬೇಡವೇ ಬೇಡ ಎಂದೂ ಹೇಳಿದರು. ಕಾರಣವನ್ನೂ ಹೇಳಿದರು. ನಾನು ಗೋಡೆಯ ಚಾರ್ಟಿನಲ್ಲಿ ನನ್ನ ಎತ್ತರಕ್ಕೆ ಎಷ್ಟು ತೂಕ ಎಂದು ಹುಡುಕುತ್ತಿದ್ದೆ. 68 ಸರಿಯಂತೆ. ಚಾರ್ಟ್ ಬರೆದವನು ಕಬಡ್ಡಿ ಆಡುವವನಲ್ಲ.

ನವೆಂಬರ್ 23, ಭಾನುವಾರ

ಪ್ರಾಕ್ಟೀಸ್. ದಮ್ಮು ಮೊದಲಿಗಿಂತ ಹೆಚ್ಚು, ಒಪ್ಪಲೇಬೇಕು. ಮೊದಲಾದರೆ ಎರಡು ರೈಡ್ ಆಗುವಾಗ ಕಾಲಿನ ಸ್ನಾಯು ಹಿಡಿಯುತ್ತಿತ್ತು.

ಕ್ಯಾಪ್ಟನ್ ನಿತೇಶಣ್ಣ ಆಟ ನೋಡಲಿಲ್ಲ, ಹೊಟ್ಟೆ ನೋಡಿದ. ಮೊದಲು ಎರಡು ದಿನದಲ್ಲಿ ಮೂರು ಕೆಜಿ ಇಳಿಸುತ್ತಿದ್ದವನಿಗೆ ಈಗ ಏನಾಯಿತು ಎಂದು ಕೇಳಿದ.

ಹೇಗೆ ಇಳಿಸುತ್ತಿದ್ದೆ ಎಂದು ಅವನಿಗೆ ಗೊತ್ತು. ಎಲ್ಲರಿಗೂ ಗೊತ್ತು. ಉಳಿದವರು ಊಟ ಬಿಟ್ಟು, ಸ್ವೆಟರ್ ಹಾಕಿ ಓಡುವಾಗ ನಾನು ಊಟದ ಹೊತ್ತಿನ ಸೂಜಿ ಬಿಡುತ್ತಿದ್ದೆ. ಶುಗರ್ ಏರಿ, ಬಾತ್‌ರೂಮಿಗೆ ಹೋಗಿ ಹೋಗಿ ತೂಕ ಇಳಿಯುತ್ತಿತ್ತು. ಇವನಿಗೆ ಬಂದದ್ದು ಕಾಯಿಲೆಯಲ್ಲ, ವರ ಎಂದು ಬೆನ್ನು ತಟ್ಟುತ್ತಿದ್ದರು. ನಾನೂ ನಗುತ್ತಿದ್ದೆ.

ಡಿಸೆಂಬರ್ 5, ಶುಕ್ರವಾರ

66.9. ಅನ್ನ ಬಿಟ್ಟಿದ್ದೇನೆ. ಗುರುವಾಯನಕೆರೆಯಲ್ಲಿ ಒಂದು ಅಂಗಡಿಯ ವಯರಿಂಗ್. ಏಣಿಯ ಮೇಲಿದ್ದಾಗ ಪಂಪ್ ಕೂಗಿತು — ಶುಗರ್ ಕಡಿಮೆ. ಇಳಿದು ಎದುರಿನ ಅಂಗಡಿಯಲ್ಲಿ ಸೋಡಾ ಶರಬತ್ತು, ಬಾಳೆಹಣ್ಣು, ಮತ್ತೊಂದು ಬಾಳೆಹಣ್ಣು. ಬೆಳಿಗ್ಗಿನಿಂದ ಹಸಿದದ್ದೆಲ್ಲ ನೀರಿನಲ್ಲಿ ಹೋಮ. ಕಂಬಳದ ಕೋಣವನ್ನು ಸಾಕುವ ಹಾಗೆ ಸಾಕುತ್ತಿದೆ ಈ ಡಬ್ಬ ನನ್ನನ್ನು.

ಡಿಸೆಂಬರ್ 11, ಗುರುವಾರ

66.4. ನಿತೇಶಣ್ಣ ಮನೆಗೇ ಬಂದ. ಅಮ್ಮ ಕೊಟ್ಟ ಚಹಾ ಕುಡಿದ. ಆಮೇಲೆ ನನ್ನನ್ನು ಅಂಗಳಕ್ಕೆ ಕರೆದ.

"ಎರಡು ದಿನ ಅದನ್ನು ತೆಗೆದಿಡು ಮಾರಾಯ. ಮೊದಲು ಮಾಡಿದ್ದೇ ಅಲ್ವಾ? ಇಲ್ಲದಿದ್ರೆ ನಾನು ಬೇರೆ ರೈಡರ್ ನೋಡ್ಬೇಕಾಗ್ತದೆ. ಬೇಜಾರು ಮಾಡ್ಬೇಡ."

ಹೋಗುವಾಗ ಅಮ್ಮನಿಗೆ ಹೇಳಿದ, ಇವನ ಆರೋಗ್ಯ ಚೆನ್ನಾಗಿ ನೋಡಿಕೊಳ್ಳಿ ಎಂದು. ಅವನ ಮೇಲೆ ಅಸಹ್ಯ ಹುಟ್ಟಿತು. ಆದರೂ ಬೇಡ ಎನ್ನಲು ಬಾಯಿ ಬರಲಿಲ್ಲ. ಕಬಡ್ಡಿ ಹೋದರೆ ನಾನು ಯಾರು? ಶಾಲೆಯಲ್ಲಿ ನನ್ನನ್ನು ಶುಗರಿನ ಹುಡುಗ ಎನ್ನುತ್ತಿದ್ದರು. ಮದುವೆ ಮನೆಗಳಲ್ಲಿ ಈಗಲೂ ಹಾಗೆಯೇ. ಶೋಧನ್ ಎಂದು ಕೂಗುವುದು ಮ್ಯಾಟಿನ ಸುತ್ತ ನಿಂತವರು ಮಾತ್ರ.

ಡಿಸೆಂಬರ್ 12, ಬೆಳಿಗ್ಗೆ

ಪಂಪ್ ತೆಗೆದೆ. ಕಪಾಟಿನಲ್ಲಿಟ್ಟೆ, ಬನಿಯನ್‌ಗಳ ಅಡಿಯಲ್ಲಿ.

ಸಂಜೆ

ನೀರು. ಎಷ್ಟು ಕುಡಿದರೂ ಸಾಲದು. ಹಳೆಯ ಪರಿಚಯದ ಬಾಯಾರಿಕೆ. 65.3. ಅಮ್ಮ ಶುಗರ್ ಎಷ್ಟು ಎಂದಳು. 120 ಎಂದೆ.

ಡಿಸೆಂಬರ್ 13, ಬಂಟ್ವಾಳ, ಫೋನಿನಲ್ಲಿ

64.2!! ಎಲ್ಲರೂ ಚಪ್ಪಾಳೆ. ನಿತೇಶಣ್ಣ ಅಪ್ಪಿಕೊಂಡ.

ಎರಡು ಸಲ ವಾಂತಿ. ಮೊದಲು ಹೀಗಾಗುತ್ತಿರಲಿಲ್ಲ. ಉಸಿರು ಸಾಕಾಗುತ್ತಿಲ್ಲ... ಆಟ ಏಳಕ್ಕೆ

ಡಿಸೆಂಬರ್ 18, ಗುರುವಾರ

ಆಸ್ಪತ್ರೆ. ಆಡಲಿಲ್ಲ. ವಾರ್ಮ್‌ಅಪ್‌ನಲ್ಲೇ ಬಿದ್ದೆನಂತೆ. ನಿನ್ನೆ ಐಸಿಯುವಿನಿಂದ ವಾರ್ಡಿಗೆ ತಂದರು.

ಜ್ಯೋತ್ಸ್ನಾ ಡಾಕ್ಟರ್ ಫೋನ್ ಮಾಡಿದ್ದರು. ಬೈಯಲಿಲ್ಲ. ಅಂದು ಹೇಳಿದ ಕಾರಣವನ್ನೇ ಇನ್ನೊಮ್ಮೆ ಹೇಳಿದರು. ಮೊದಲು ಊಟದ ಸೂಜಿ ಬಿಟ್ಟರೂ ರಾತ್ರಿಯ ಸೂಜಿ ಮರುದಿನದವರೆಗೆ ಮೈಯಲ್ಲಿ ಕೆಲಸ ಮಾಡುತ್ತಿತ್ತು. ನನ್ನನ್ನು ಬದುಕಿಸಿದ್ದು ಅದೇ. ಪಂಪ್ ಬಂದ ಮೇಲೆ ಆ ಸೂಜಿ ಇಲ್ಲ. ತೆಗೆದರೆ ಕೆಲವೇ ಗಂಟೆಗಳಲ್ಲಿ ಇನ್ಸುಲಿನ್ ಪೂರಾ ಸೊನ್ನೆ, ರಕ್ತ ವಿಷ. ಇಷ್ಟೇ ಮಾತು. ಚಾರ್ಟ್ ನೋಡದೆ ಕೇಳಿದ್ದರೆ ಸಾಕಿತ್ತು.

ಅಮ್ಮ ಪಂಪನ್ನು ಕರ್ಚೀಫಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಾಳೆ. ಬನಿಯನ್‌ಗಳ ಅಡಿಯಿಂದ ಹುಡುಕಿ ತಂದದ್ದು ಅವಳೇ.

ಡಿಸೆಂಬರ್ 19, ಶುಕ್ರವಾರ

ಪಂಪ್ ಮತ್ತೆ ಹಾಕಿದರು. ಸಂಜೆ ನಿತೇಶಣ್ಣ ಮೂಸಂಬಿ ಹಿಡಿದುಕೊಂಡು ಬಂದ. ಟೀಮು ಸೆಮಿಯಲ್ಲಿ ಸೋತಿತಂತೆ. ಅಮ್ಮ ಹೊರಗೆ ಹೋಗುವುದನ್ನೇ ಕಾದು ತೂಕ ಎಷ್ಟು ಎಂದು ಕೇಳಿದ. ನರ್ಸ್ ಬೆಳಿಗ್ಗೆ ನೋಡಿದ್ದಳು. 63.9 ಎಂದೆ.

"ಈಗ ಸರಿಯಾಗಿದ್ದೀ ಮಾರಾಯ. ಜನವರಿಯಲ್ಲಿ ಬೆಳ್ತಂಗಡಿಯಲ್ಲಿ 65 ಉಂಟು. ಹೀಗೇ ಇರು."

ಹೊರಗೆ ಹೋಗು ಎನ್ನಬೇಕಿತ್ತು. ಆ ಮೂಸಂಬಿಯನ್ನು ಅವನ ಮೇಲೆಯೇ ಎಸೆಯಬೇಕಿತ್ತು. ಮೊದಲು ನನಗೆ ಆದದ್ದು ಸಂತೋಷ. ಇಲ್ಲಿ ಸುಳ್ಳು ಬರೆದು ಯಾರಿಗೆ ಲಾಭ? ಸಂತೋಷವೇ ಆಯಿತು. ಅವನು ಹೋದ ಮೇಲೆ ನನ್ನ ಬಗ್ಗೆ ನನಗೇ ಹೆದರಿಕೆ.

ಅಮ್ಮ ಗಂಜಿ ತಂದಿದ್ದಾಳೆ. ಪಂಪಿನ ಗುಂಡಿಯಲ್ಲಿ ನಾನು ಊಟದ ಡೋಸ್ ಒತ್ತುವವರೆಗೆ ಬಟ್ಟಲು ಕೊಡುವುದಿಲ್ಲವಂತೆ. ಬಿಸಿ ಬಟ್ಟಲು ಹಿಡಿದು ನನ್ನ ಬೆರಳನ್ನೇ ನೋಡುತ್ತಾ ನಿಂತಿದ್ದಾಳೆ, ಅವಳ ಕೈ ಸುಡುತ್ತಿರಬೇಕು. ಒತ್ತುತ್ತೇನೆ ಎಂದೆ. ಇದೊಂದು ಸಾಲು ಬರೆದು...