ಭಾವ, ನಾನು ಕಾಯಂ ಆದೆ

ಅಕ್ಕನ ಗಂಡನಾದ ಭಾವನವರಿಗೆ,

ನಮಸ್ಕಾರ. ಹಿರಿಯರಿಗೆ ಬರೆಯುವ ಕಾಗದ ಹೀಗೆ ಶುರುವಾಗಬೇಕು, ಅದಕ್ಕೇ ಬರೆದೆ. ಗೌರವ ಎಂದು ತಿಳಿದು ಹಿಗ್ಗಬೇಡಿ.

ನಿನ್ನೆ ಸಂಜೆ ನೀವು ಫೋನಿನಲ್ಲಿ ಕಿರುಚಿದ್ದು ನನ್ನ ಗೋಡೆಯಾಚೆಯ ಮನೆಯವರಿಗೂ ಕೇಳಿಸಿತು. "ನಿನ್ನ ಅಕ್ಕನ್ನ ತಂದು ಬಿಡ್ತೀಯೋ ಇಲ್ವೋ? ನಿಂಗೆ ಈ ದೇಶದಲ್ಲಿ ಕಾಯಂ ವಾಸ ಕೊಡಿಸಿದ್ದು ನಾನು. ಕಿತ್ತುಹಾಕ್ಸೋದೂ ಗೊತ್ತು. ಗಂಟುಮೂಟೆ ಕಟ್ಕೋ!" ಅಂದಿರಿ. ನಾನು ಉತ್ತರ ಕೊಡುವ ಮೊದಲೇ ಇಟ್ಟುಬಿಟ್ಟಿರಿ. ಉತ್ತರಕ್ಕೆ ಕಾಯುವ ಅಭ್ಯಾಸ ನಿಮಗೆ ಎಂದೂ ಇರಲಿಲ್ಲ. ಅದಕ್ಕೇ ಈ ಕಾಗದ. ಇದನ್ನು ನಡುವೆ ಕತ್ತರಿಸಲು ಆಗುವುದಿಲ್ಲ.

ಅಕ್ಕ ನನ್ನ ಮನೆಯಲ್ಲೇ ಇದ್ದಾಳೆ, ಕ್ಷೇಮವಾಗಿದ್ದಾಳೆ. ಊರೆಲ್ಲ ಹುಡುಕಿಸಿ ಜನರ ಮುಂದೆ ಕಣ್ಣೀರು ಹಾಕುವ ಶ್ರಮ ತೆಗೆದುಕೊಳ್ಳಬೇಡಿ. ಇನ್ನು ನಿಮ್ಮ ಬೆದರಿಕೆಯ ವಿಷಯ. ಕಾಯಂ ವಾಸ ಅನ್ನುವುದು ನಮ್ಮ ಅಂಗಡಿಯಿಂದ ಮದುವೆಗೆ ಬಾಡಿಗೆಗೆ ಕಳಿಸಿದ ಸೋಫಾ ಅಲ್ಲ ಭಾವ, ಊಟ ಮುಗಿದ ಮೇಲೆ ಹೋಗಿ ಎತ್ತಿಕೊಂಡು ಬರಲು. ವಲಸೆ ಕಚೇರಿಯಲ್ಲಿ ವಿಚಾರಿಸಿದ್ದೇನೆ. ಯಾರ ಅಂಗಡಿಯಲ್ಲಾದರೂ ದುಡಿಯಬಹುದು, ದುಡಿಯದೆಯೂ ಇರಬಹುದು, ನಿಮ್ಮ ಮುಖ ನೋಡದೆಯೂ ಇರಬಹುದು. ಆ ಕೊನೆಯದನ್ನು ನಿನ್ನೆಯಿಂದಲೇ ಶುರು ಮಾಡಿದ್ದೇನೆ.

ಮೊನ್ನೆ ನಿಮ್ಮ ಮನೆಯ ಔತಣದಲ್ಲಿ ನೀವು ಎದ್ದುನಿಂತು ಮಾಡಿದ ಭಾಷಣ ಇನ್ನೂ ಕಿವಿಯಲ್ಲಿದೆ. "ಇವನು ಬಂದಾಗ ಸುತ್ತಿಗೆ ಯಾವ ಕಡೆ ಹಿಡೀಬೇಕು ಗೊತ್ತಿರ್ಲಿಲ್ಲ. ಇವತ್ತು ಕಾಯಂ! ಹಿಂದೆ ನಿಂತು ನೂಕಿದ್ದು ಯಾರು?" ಎಂದು ಕೇಳಿದಿರಿ. ನಿಮ್ಮ ತಟ್ಟೆಯ ಋಣದಲ್ಲಿದ್ದವರೆಲ್ಲ ನಿಮ್ಮ ಕಡೆ ಕೈ ತೋರಿಸಿದರು. ನೂಕಿದ್ದು ನಿಜ. ಯಾವ ದಿಕ್ಕಿಗೆ ಅನ್ನುವುದನ್ನು ಮಾತ್ರ ನೀವು ಹೇಳಲಿಲ್ಲ. ನಾನು ಹೇಳುತ್ತೇನೆ.

ನಾನು ಅರ್ಜಿ ಹಾಕಿದಾಗ, ನಾನು ನಿಮ್ಮಲ್ಲಿ ಏನು ಕೆಲಸ ಮಾಡುತ್ತೇನೆ ಎಂದು ನೀವೊಂದು ಪತ್ರ ಬರೆದುಕೊಡಬೇಕಿತ್ತು. ಕೊಟ್ಟಿರಿ. ಅಂಗಡಿ ಗುಡಿಸುತ್ತಾನೆ, ಸಾಮಾನು ಎತ್ತಿಡುತ್ತಾನೆ ಎಂದು ಬರೆದಿರಿ. ಗುಡಿಸುವವನನ್ನು ಈ ದೇಶ ಕಾಯಂ ಮಾಡುವುದಿಲ್ಲ, ಕಸುಬು ಬಲ್ಲವನನ್ನು ಮಾಡುತ್ತದೆ ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಹಳೆ ಕುರ್ಚಿಯ ಹೊಟ್ಟೆ ಬಿಚ್ಚಿ, ಸ್ಪ್ರಿಂಗು ಕಟ್ಟಿ, ಪಟ್ಟಿ ಬಿಗಿದು, ಬಟ್ಟೆ ಎಳೆದು ಮೊಳೆ ಹೊಡೆಯುವವನು ನಾನು. ಆ ಬಟ್ಟೆಯನ್ನೆಲ್ಲ ಹಿಂದಿನ ಕೋಣೆಯ ಮೆಷಿನ್ನಿನಲ್ಲಿ ಹೊಲಿಯುವವಳು ಅಕ್ಕ. ನೀವು ಗಿರಾಕಿಗಳಿಗೆ ಟೀ ತರಿಸುವವರು. ಇಲ್ಲ, ಅನ್ಯಾಯ ಮಾಡಬಾರದು. ಟೀ ಚೆನ್ನಾಗಿಯೇ ತರಿಸುತ್ತಿದ್ದಿರಿ.

ನಮ್ಮ ಕಸುಬಿನಲ್ಲಿ ಸಣ್ಣ ಮೊಳೆಗಳನ್ನು ತುಟಿಗಳ ನಡುವೆ ಹಿಡಿದಿಟ್ಟುಕೊಂಡು ಒಂದೊಂದಾಗಿ ತೆಗೆದು ಹೊಡೆಯುತ್ತೇವೆ. ಬಾಯಿತುಂಬ ಮೊಳೆ ಇರುವವನು ಮಾತಾಡಲಾರ. ನೀವು ಸರಿಯಾಗಿ ಅದೇ ಹೊತ್ತು ನೋಡಿ ಬಂದು ನಿಲ್ಲುತ್ತಿದ್ದಿರಿ. "ಈ ಭಾನುವಾರಾನೂ ಬರ್ತೀಯ ತಾನೆ? ಬೇಜಾರಿಲ್ಲ ತಾನೆ?" ನಾನು ಮೂಗಿನಲ್ಲಿ ಹೂಂಗುಟ್ಟಿದ್ದನ್ನೆಲ್ಲ ನೀವು ಒಪ್ಪಿಗೆ ಎಂದು ಜಮೆ ಮಾಡಿಕೊಂಡಿರಿ.

ಆ ಪತ್ರವೇ ನನ್ನನ್ನು ಮುಳುಗಿಸಬೇಕಿತ್ತು. ಮುಳುಗಿಸಲಿಲ್ಲ, ನಿಮ್ಮ ಷೋಕಿ ನಡುವೆ ಬಂತು. ಎದುರು ಬೀದಿಯಲ್ಲಿ ಇನ್ನೊಂದು ಸೋಫಾ ಅಂಗಡಿ ಬಾಗಿಲು ತೆರೆದ ಕೂಡಲೇ ನೀವು ಒಂದು ಬೋರ್ಡು ಬರೆಸಿದಿರಲ್ಲ. ನಡುವೆ ನಿಮ್ಮ ಫೋಟೋ, ನಿಮಗಿಲ್ಲದ ಕೂದಲಿನ ಸಮೇತ. ಪಕ್ಕದಲ್ಲಿ ಬಾಯಿತುಂಬ ಮೊಳೆ ಕಚ್ಚಿಕೊಂಡ ನಾನು. ಕೆಳಗೆ ದಪ್ಪಕ್ಷರದಲ್ಲಿ, 'ನಮ್ಮ ಪ್ರಧಾನ ಕುಶಲಕರ್ಮಿ. ತಲೆಮಾರುಗಳ ಕೈಚಳಕ.' ನಮ್ಮಪ್ಪ ಬಸ್ ಕಂಡಕ್ಟರ್ ಆಗಿದ್ದವರು ಭಾವ. ಅವರ ತಲೆಮಾರಿಗೆ ಕೈಚಳಕ ಇದ್ದದ್ದು ಟಿಕೆಟ್ ಹರಿಯುವುದರಲ್ಲಿ.

ನನ್ನ ಅರ್ಜಿಯ ವಿಚಾರಣೆಗೆ ಬಂದ ಅಧಿಕಾರಿಣಿ ಆ ಬೋರ್ಡನ್ನು ಓದಿಕೊಂಡೇ ಒಳಗೆ ಬಂದರು. ನೀವು ಕುರ್ಚಿ ಒರೆಸಿ ಕೂರಿಸಿದಿರಿ. "ಅಯ್ಯೋ ಮೇಡಂ, ಇವ್ನು ನನ್ನ ಹೆಂಡ್ತಿ ತಮ್ಮ. ಪಾಪ ಅಂತ ಇಟ್ಕೊಂಡಿದೀನಿ. ಗುಡಿಸ್ತಾನೆ, ಎತ್ತಿಡ್ತಾನೆ."

"ಹಾಗಾದ್ರೆ ಹೊರಗಿನ ಫೋಟೋದಲ್ಲಿ ಇರೋದು ಯಾರು?"

ನೀವು ಬಾಯಿ ತೆರೆದಿರಿ. ಅಷ್ಟರಲ್ಲಿ, ಕ್ಲಿನಿಕ್ಕಿನ ಕುರ್ಚಿಗಳಿಗೆಲ್ಲ ಹೊಸ ಹೊದಿಕೆ ಹಾಕಿಸಲು ಬಂದು ಕೂತಿದ್ದ ಹಲ್ಲಿನ ಡಾಕ್ಟರು ಟೀ ಲೋಟ ಕೆಳಗಿಟ್ಟರು. "ಏನ್ರೀ ಇದು? ಆ ಬೋರ್ಡ್ ನೋಡ್ಕೊಂಡೇ ನಾನು ಕೆಲಸ ಕೊಟ್ಟಿದ್ದು. ಗುಡಿಸೋನ ಕೈಲಿ ಮಾಡಿಸ್ತೀರಾ?"

ಆಗ ನಿಮ್ಮ ಮುಖ ನೋಡಬೇಕಿತ್ತು. ಬೋರ್ಡು ಸುಳ್ಳು ಎಂದರೆ ಗಿರಾಕಿ ಎದ್ದು ಹೋಗುತ್ತಾನೆ, ಪತ್ರ ಸುಳ್ಳು ಎಂದರೆ ಅಧಿಕಾರಿಣಿ ಹಿಡಿಯುತ್ತಾರೆ. ನೀವು ಒಮ್ಮೆ ಅವರನ್ನು, ಒಮ್ಮೆ ಇವರನ್ನು ನೋಡಿ ಹಲ್ಲು ಕಿರಿದು, "ಅಲ್ಲಾ, ಗುಡಿಸೋದನ್ನೂ ಮಾಡ್ತಾನೆ ಅಂದೆ ಮೇಡಂ. ದೊಡ್ಡ ಕಲಾವಿದ, ಆದ್ರೂ ಅಹಂಕಾರ ಇಲ್ಲ" ಅಂದಿರಿ. ಅಧಿಕಾರಿಣಿ ಆ ಮಾತನ್ನೇ ಬರಹದಲ್ಲಿ ಕೊಡಿ ಎಂದರು. ಬರೆದುಕೊಟ್ಟಿರಿ, ಸಹಿ ಚೆನ್ನಾಗಿಯೇ ಬಿತ್ತು. ಗಿರಾಕಿಯನ್ನು ಕಳೆದುಕೊಳ್ಳಲಾರದೆ ಭಾಮೈದನನ್ನು ಕಾಯಂ ಮಾಡಿದವರು ನೀವು. ಇಷ್ಟೇ ನಿಮ್ಮ ಉಪಕಾರ. ನಾನು ಇದರಲ್ಲಿ ಒಂದಕ್ಷರವನ್ನೂ ಮುಚ್ಚಿಟ್ಟಿಲ್ಲ.

ನನಗೆ ಮಾಡಿದ್ದನ್ನೆಲ್ಲ ನಕ್ಕು ಮರೆಯಬಲ್ಲೆ. ಅಕ್ಕನಿಗೆ ಮಾಡಿದ್ದು ನಗುವಂಥದ್ದಲ್ಲ. ಅದು ನಿನ್ನೆಯವರೆಗೆ ನನಗೆ ಗೊತ್ತೂ ಇರಲಿಲ್ಲ.

ಅವಳಿಗೆ ಈ ದೇಶದ ಕಾಯಂ ವಾಸ ಎಂದೋ ಆಗಿತ್ತು. ಅವಳಿಗಿದ್ದ ಹೆದರಿಕೆ ನನ್ನೊಬ್ಬನ ಬಗ್ಗೆ. ಅವಳು ನಿಮಗೆ ಎದುರಾಡಲು ಬಾಯಿ ತೆರೆದಾಗಲೆಲ್ಲ ನೀವು ದನಿ ಏರಿಸದೆ, ಉಪ್ಪು ಎಲ್ಲಿದೆ ಎಂದು ಕೇಳುವ ಹಾಗೆ, ಒಂದೇ ಒಂದು ಪ್ರಶ್ನೆ ಕೇಳುತ್ತಿದ್ದಿರಂತೆ. "ನಿನ್ನ ತಮ್ಮನ ಪರ್ಮಿಟ್ಟು ಯಾವಾಗ ಮುಗಿಯುತ್ತೆ?" ನನ್ನ ಕೆಲಸದ ಪರ್ಮಿಟ್ಟು ನಿಮ್ಮ ಸಹಿಯಿಲ್ಲದೆ ಮುಂದುವರಿಯುತ್ತಿರಲಿಲ್ಲ. ಬೆನ್ನು ನೋಯುತ್ತದೆ, ಇವತ್ತು ಮೆಷಿನ್ನಿಗೆ ಕೂರಲಾರೆ ಎಂದಾಗ ಅದೇ ಪ್ರಶ್ನೆ. ಗಿರಾಕಿಗಳ ಮುಂದೆ ಪೆದ್ದಿ ಅನ್ನಬೇಡಿ ಎಂದಾಗಲೂ ಅದೇ. ಅಮ್ಮ ಹೋದ ಸುದ್ದಿ ಬಂದಾಗ ಊರಿಗೆ ಹೋಗಿಬರುತ್ತೇನೆ ಎಂದವಳನ್ನೂ ನೀವು ಅದನ್ನೇ ಕೇಳಿ ಕೂರಿಸಿದಿರಿ. ಕೊನೆಯ ದಿನಗಳಲ್ಲಿ ಅಮ್ಮನ ಬಳಿ ಇದ್ದು ಊರಿನಿಂದ ಮರಳಿದ ನಾನು, ಅವಳು ಬರದೆ ಇದ್ದದ್ದಕ್ಕೆ ಅವಳ ಮೇಲೆ ಮುನಿಸಿಕೊಂಡಿದ್ದೆ. ಅವಳು ಕಾರಣ ಹೇಳಲಿಲ್ಲ, ತಲೆ ತಗ್ಗಿಸಿ ಹೊಲಿಯುತ್ತಿದ್ದಳು. ಈಗ ತಿಳಿಯಿತು. ಅವಳ ಬಾಯಿಗೂ ಮೊಳೆ ಹೊಡೆದವರು ನೀವು, ಆ ಮೊಳೆ ನಾನು.

ನಿನ್ನೆ ಬೆಳಿಗ್ಗೆ ಏನಾಯಿತು ಎಂದು ನಿಮಗೆ ಗೊತ್ತು, ಆದರೂ ಬರೆಯುತ್ತೇನೆ, ನೀವು ಅದನ್ನು ಬೇರೆ ಥರ ಹೇಳಿಕೊಂಡು ತಿರುಗುತ್ತೀರಿ. ಔತಣದ ಪಾತ್ರೆ ಇನ್ನೂ ಸಿಂಕಿನಲ್ಲಿತ್ತು. ಸುಸ್ತಾಗಿದೆ, ಇವತ್ತು ಅಂಗಡಿಗೆ ಬರುವುದಿಲ್ಲ ಎಂದಳು ಅಕ್ಕ. ನೀವು ಪೇಪರಿನಿಂದ ತಲೆ ಎತ್ತದೆ, ಅಭ್ಯಾಸಬಲದಿಂದ ಅದೇ ಪ್ರಶ್ನೆ ಕೇಳಿದಿರಿ. ಹಿಂದಿನ ದಿನ ತಾನೇ ಭಾಷಣ ಮಾಡಿದ್ದು ನಿಮಗೆ ನೆನಪೇ ಆಗಲಿಲ್ಲ!

"ಇನ್ನು ಮುಗಿಯಲ್ಲ ರೀ" ಎಂದಳಂತೆ. ಅಷ್ಟೇ. ಕೈ ಒರೆಸಿಕೊಂಡು, ಚಪ್ಪಲಿ ಮೆಟ್ಟಿಕೊಂಡು ನನ್ನ ಬಾಗಿಲಿಗೆ ಬಂದಳು. ಬಂದವಳು ಕೂರಲೂ ಇಲ್ಲ. "ನಿಜ ಹೇಳೋ, ಇನ್ನು ಯಾರೂ ನಿನ್ನನ್ನ ವಾಪಸ್ ಕಳಿಸೋಕಾಗಲ್ವಾ?" ಇಲ್ಲ ಎಂದೆ. "ಅವರು ಹೇಳಿದ್ರೂ?" ಅವರು ತಲೆಕೆಳಗಾಗಿ ನಿಂತು ಹೇಳಿದರೂ ಇಲ್ಲ ಎಂದೆ. ಆಮೇಲೆ ಕೂತಳು. ಒಂದು ಲೋಟ ನೀರು ಕುಡಿದು, ಅಮ್ಮನ ಕೊನೆಯ ದಿನಗಳ ಬಗ್ಗೆ ನನ್ನನ್ನು ಮೊದಲ ಸಲ ಕೇಳಿದಳು.

ಈ ಕಾಗದವನ್ನು ಅವಳಿಗೆ ಓದಿ ತೋರಿಸಿದೆ. ಬೋರ್ಡಿನ ವಿಷಯ ಬಂದಾಗ ನಕ್ಕಳು. 'ಅಕ್ಕ ಇನ್ನು ನಿಮ್ಮ ಹೊಸಿಲು ತುಳಿಯುವುದಿಲ್ಲ' ಎಂದು ನಾನು ಬರೆದಿದ್ದ ಸಾಲನ್ನು ಮಾತ್ರ ಹೊಡೆದುಹಾಕಿಸಿದಳು. "ಅದನ್ನ ನೀನ್ಯಾಕೆ ಹೇಳ್ತೀಯ? ನಂಗೆ ಬಾಯಿಲ್ವಾ?" ಎಂದಳು. ನಾಳೆ ಬೆಳಿಗ್ಗೆ ಅಂಗಡಿಗೆ ತಾನೇ ಬರುತ್ತಾಳಂತೆ, ಹಿಂಬಾಗಿಲಿನಿಂದಲ್ಲ, ಗಿರಾಕಿಗಳು ಕೂರುವ ಮುಂಬಾಗಿಲಿನಿಂದ. ಜೊತೆಗೆ ನಾನು ಬರಕೂಡದಂತೆ. ಏನು ಹೇಳುತ್ತೀ ಎಂದು ಕೇಳಿದ್ದಕ್ಕೆ, "ಮೊದಲ್ನಿಂದ ಶುರು ಮಾಡ್ತೀನಿ" ಎಂದಳು.

ಟೀ ತರಿಸಿಟ್ಟುಕೊಳ್ಳಿ ಭಾವ. ದೇವರು ನಿಮಗೆ ಗಟ್ಟಿ ಕಿವಿಯನ್ನೂ ದೀರ್ಘಾಯುಷ್ಯವನ್ನೂ ಕೊಡಲಿ. ಅವಳು ಹೇಳಬೇಕಾದ್ದು ಬಹಳ ಇದೆ.

ಇಂತು,
ನಿಮ್ಮ ಹೆಂಡತಿಯ ತಮ್ಮ