ಬದುಕಿರುವವನ ಹೆಸರಿನ ಗೋಧಿ

ಇಜಾ ಕಣಿವೆ, ಮರಮೂರೆಷ್
೯ ಏಪ್ರಿಲ್ ೧೯೯೭, ಬುಧವಾರ

ನನ್ನ ಮುದ್ದು ಇರೀನಾ,

ಮಠದಲ್ಲಿ ನಿನ್ನನ್ನು ಮಾತೆ ಯುಸ್ತೀನಾ ಎನ್ನುತ್ತಾರೆಂದು ಗೊತ್ತು. ಆದರೆ ನಿನ್ನ ಮೂಗು ಒರೆಸಿ ಬೆಳೆಸಿದ ಅಕ್ಕ ನಾನು, ನನಗೆ ನೀನು ಇರೀನಾನೇ. ಕ್ರಿಸ್ಮಸ್ಸಿಗೆ ಬಂದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ. ಮುನಿಸಿಕೊಳ್ಳಬೇಡ, ಈಸ್ಟರಿಗೆ ಮುಂಚಿನ ಈ ಉಪವಾಸದ ದಿನಗಳಲ್ಲಿ ಸನ್ಯಾಸಿನಿ ಮುನಿಸಿಕೊಂಡರೆ ಪಾಪ ಹೆಚ್ಚು.

ನಿನ್ನ ಭಾವ ಪಾಂತೆಲಿಮೋನ್ ಹೇಗಿದ್ದಾನೆಂದು ಕೇಳಿದ್ದೆ. ಶ್ವಾಸಕೋಶದ ಗಡ್ಡೆ ಇನ್ನು ಕೊಯ್ಯಲು ಬರುವುದಿಲ್ಲವೆಂದು ಡಾಕ್ಟರು ಮನೆಗೆ ಕಳಿಸಿದ್ದಾರೆ. ಅವನು ಒಲೆಯ ಪಕ್ಕ ಕೂತು ಚರ್ಚಿನ ಮಾಡಿಗೆ ಮರದ ಹಂಚು ಸೀಳುತ್ತಾನೆ. ದಿನಕ್ಕೆ ಇನ್ನೂರು ಸೀಳುತ್ತಿದ್ದವನು ಈಗ ಹತ್ತು ಸೀಳಿ ಬೆವರುತ್ತಾನೆ. "ಈಸ್ಟರ್ ಹೊತ್ತಿಗೆ ಬಡಗಣ ಮಗ್ಗುಲು ಮುಗೀಬೇಕು. ದೇವರ ಮನೆ ಸೋರಿದ್ರೆ ನನ್ನ ಮಾನ ಹೋಗುತ್ತೆ," ಎನ್ನುತ್ತಾನೆ. ಬೆಳಿಗ್ಗೆ ಶಿಲುಬೆಯ ಗುರುತು ಹಾಕಿಕೊಂಡು, "ಕರ್ತನೇ, ಇವತ್ತಿನ ಉಸಿರು ಕೊಟ್ಟೆ, ನಾಳೇದು ನಾಳೆ ಕೇಳ್ತೀನಿ," ಎಂದರೆ ಅವನ ಪ್ರಾರ್ಥನೆ ಮುಗಿಯಿತು. ನಾನು ಅರ್ಧ ಗಂಟೆ ಮೊಣಕಾಲೂರಿದರೂ ಆ ನೆಮ್ಮದಿಯ ಕಾಲು ಪಾಲು ನನಗೆ ಸಿಗುವುದಿಲ್ಲ.

ಇಲ್ಲೊಂದು ಪ್ರಸಂಗವಾಯಿತು, ಕೇಳು. ಉಪವಾಸದ ಎರಡನೇ ಶನಿವಾರ, ತೀರಿಕೊಂಡವರ ಹೆಸರು ಓದಿಸುವ ದಿನ. ಅವರ ಹೆಸರಿನಲ್ಲಿ ಹಂಚಲು ಗೋಧಿ ಬೇಯಿಸಿ, ಸಕ್ಕರೆ, ಆಕ್ರೋಡು ಬೆರೆಸಿ ಒಯ್ದಿದ್ದೆ. ಅಮ್ಮ ಕಲಿಸಿದ ಹಾಗೇ ಹೆಸರಿನ ಹಾಳೆಯನ್ನೂ ಬರೆದಿದ್ದೆ: ಎಡಕ್ಕೆ ಬದುಕಿರುವವರು, ಬಲಕ್ಕೆ ತೀರಿಕೊಂಡವರು, ನಡುವೆ ಗೆರೆ. ಹೋದ ವರ್ಷ ಬಂದ ನಮ್ಮ ಗುರು ಸಿಮಿಯೋನ್‌ಗೆ ಗಡ್ಡ ಇನ್ನೂ ಸರಿಯಾಗಿ ತುಂಬಿಲ್ಲ. ತೀರಿಕೊಂಡವರನ್ನು ಓದುತ್ತ, ಅಪ್ಪ, ಅಮ್ಮ, ಅತ್ತೆಯ ಹಿಂದೆಯೇ "ಪಾಂತೆಲಿಮೋನ್" ಎಂದುಬಿಟ್ಟರು.

ಊರಿಗೆಲ್ಲ ಆ ಹೆಸರಿನವನು ಒಬ್ಬನೇ. ಅವನು ಕಂಬಕ್ಕೊರಗಿ ನಿಂತಿದ್ದ. ಎಲ್ಲರ ಕತ್ತೂ ಅತ್ತ ತಿರುಗಿತು. ಗುರುಗಳು ಹಾಳೆ ನೋಡಿದರು, ನನ್ನ ಮುಖ ನೋಡಿದರು. "ಕ್ಷಮಿಸಿ, ನನ್ನ ಕಣ್ಣು ಗೆರೆ ದಾಟಿಬಿಡ್ತು," ಎಂದರು.

ಹೊರಗೆ ಬಂದ ಮೇಲೆ ನಮ್ಮ ಚರ್ಚಿನ ಹಾಡುಗಾರ ದಾನಿಲಾ ಸುಮ್ಮನಿರುತ್ತಾನೆಯೇ? "ಓದೋಕೆ ಬರದವನ್ನ ಕಳಿಸಿದ್ರೆ ಇನ್ನೇನಾಗುತ್ತೆ. ನಾಳೆ ಮದುವೆ ಗಂಡಿಗೆ ಹೆಣದ ಹಾಡು ಹಾಡ್ತಾನೆ ಇವನು," ಎಂದು ಎಲ್ಲರೆದುರೇ ಅಂದ. ಗುರುಗಳು ತಲೆ ತಗ್ಗಿಸಿ ನಿಂತರು. ಪಾಂತೆಲಿಮೋನ್ ನಿಧಾನವಾಗಿ ಬಂದು ನನ್ನ ತಟ್ಟೆಯಿಂದ ಒಂದು ಚಮಚ ಗೋಧಿ ಬಾಯಿಗೆ ಹಾಕಿಕೊಂಡ. "ಸಾಫ್ತಾ, ಸಕ್ಕರೆ ಕಮ್ಮಿ ಕಣೇ. ನಿಮ್ಮಪ್ಪನ ಹೆಸರಿಗೆ ಬೊಗಸೆ ಬೊಗಸೆ ಸುರೀತಿದ್ದೆ, ನನ್ನ ಸರದಿ ಬಂದಾಗ ಜಿಪುಣತನ ಮಾಡ್ತೀಯಾ," ಎಂದ. ಜನ ನಕ್ಕು ಹಗುರಾದರು. ಆಮೇಲೆ ಅವನು ಗುರುಗಳ ಕೈಯಿಂದ ಹಾಳೆ ಈಸಿಕೊಂಡು ಮಡಚಿ ಜೇಬಿಗಿಟ್ಟ. "ಇನ್ಮೇಲೆ ನಮ್ಮನೆ ಹಾಳೆ ನಾನೇ ಬರೀತೀನಿ, ಇವಳಿಗೆ ಕೆಲಸ ಜಾಸ್ತಿ," ಎಂದ.

ಆ ಗುರುಗಳ ಗ್ರಹಚಾರ ಅಲ್ಲಿಗೇ ಮುಗಿದಿಲ್ಲ. ಆಮೇಲಿನ ಮೂರು ಭಾನುವಾರವೂ ಬದುಕಿರುವವರ ಸಾಲಿನಲ್ಲಿ ನನ್ನ ಹೆಸರನ್ನು ಎರಡೆರಡು ಸಲ ಓದಿದ್ದಾರೆ. "ಈಗ ಒಂದು ಎರಡಾಗಿ ಕಾಣ್ತಿದೆ ಪಾಪ," ಎಂದು ದಾನಿಲಾ ಆಡಿಕೊಳ್ಳುತ್ತಾನೆ. ಬೇರೆಯವರನ್ನು ಕಳಿಸಿ ಎಂದು ಬಿಷಪ್ಪರಿಗೆ ದೂರು ಬರೆದು, ಸಹಿಗಾಗಿ ಮನೆಮನೆ ತಿರುಗುತ್ತಿದ್ದಾನೆ. ನಮ್ಮ ಮನೆಗೂ ಬಂದಿದ್ದ. ಒಲೆಯ ಮೇಲೆ ಬೀನ್ಸ್ ಕಾಳು ತಳ ಹತ್ತುತ್ತಿದೆ ಎಂದು ಹೇಳಿ ಒಳಗೆ ಹೋಗಿಬಿಟ್ಟೆ.

ನಿನ್ನ ಮೊಣಕಾಲು ನೋವಿಗೆ ಹೆಬ್ಬಾತಿನ ಕೊಬ್ಬು ಕಳಿಸಿದ್ದೇನೆ. ತಿನ್ನುವುದಕ್ಕಲ್ಲ, ಹಚ್ಚುವುದಕ್ಕೆ, ಹಾಗಾಗಿ ಉಪವಾಸ ಮುರಿಯುವುದಿಲ್ಲ. ದೇವಮಾತೆಯ ಸೆರಗು ನಿನ್ನ ಮೇಲಿರಲಿ, ತಂಪು ಹೊತ್ತಿನಲ್ಲಿ ನಮ್ಮನ್ನೂ ನೆನೆ.

ನಿನ್ನ ಅಕ್ಕ,
ಸಾಫ್ತಾ

ಮರೆತ ಮಾತು: ನಿನ್ನ ವಿಳಾಸಕ್ಕೆಂದು ಪಾಂತೆಲಿಮೋನನ ಪ್ರಾರ್ಥನೆಯ ಪುಸ್ತಕ ತೆಗೆದೆ. ಇನ್ನು ಮುಚ್ಚಿಡಲಾರೆ, ಇರೀನಾ. ಗುರುಗಳ ಕಣ್ಣು ಗೆರೆ ದಾಟಿರಲಿಲ್ಲ. ದಾಟಿದ್ದು ನನ್ನ ಕೈ. ಅವನ ಕೆಮ್ಮು ಕೇಳುತ್ತ ಬರೆಯುತ್ತಿದ್ದಾಗ ಅತ್ತೆಯ ಹೆಸರಿನ ಕೆಳಗೆ ಅವನ ಹೆಸರು ಬಂದುಬಿಟ್ಟಿತು. ಕಂಡೆ, ಹೊಡೆದುಹಾಕಲಿಲ್ಲ. "ಇವನನ್ನ ಕರಕೋ ಕರ್ತನೇ, ನನ್ನ ಕೈಲಾಗಲ್ಲ," ಎಂದು ವಾರದಿಂದ ಬೇಡುತ್ತಿದ್ದೆ. ನನ್ನ ತಪ್ಪಿಗೆ ಆ ಗುರುಗಳು ಬೈಸಿಕೊಂಡಾಗಲೂ ನಾನು ಬಾಯಿ ಬಿಡಲಿಲ್ಲ.

ಪುಸ್ತಕದೊಳಗೆ ಆ ಶನಿವಾರದ ಹಾಳೆ ಇತ್ತು, ನನ್ನ ಅಕ್ಷರದಲ್ಲಿ. ಅದರ ಜೊತೆ ಬರುವ ಭಾನುವಾರದ ಹಾಳೆ, ಬಡಗಿಯ ದಪ್ಪ ಪೆನ್ಸಿಲಿನಲ್ಲಿ. ಎಡಕ್ಕೆ ನಮ್ಮಿಬ್ಬರ ಹೆಸರು, ನನ್ನ ಹೆಸರಿನ ಪಕ್ಕ ಒಂದು ಸಾಲು: "ಗುರುಗಳೇ, ಇವಳು ದಣಿದಿದ್ದಾಳೆ. ಹೋದ ವಾರದ ಹಾಗೇ ಎರಡು ಸಲ ಓದಿ."

ಗುರುಗಳಿಗೂ ಇವನಿಗೂ ಮೊದಲಿಂದ ಗೊತ್ತಿತ್ತು. ಇಷ್ಟು ದಿನ ಬಾರದಿದ್ದ ಪ್ರಾರ್ಥನೆ ಅಡುಗೆಮನೆಯಲ್ಲಿ ನಿಂತಲ್ಲೇ ಬಂತು, ಅಳು ಬಂದ ಹಾಗೆ. ನಾಳೆ ಬೆಳಿಗ್ಗೆ ದಾನಿಲಾನ ಮನೆಗೆ ಹೋಗಿ ನಿಜ ಹೇಳುತ್ತೇನೆ. ನೀನು ಮಠದ ಹಾಳೆಯ ಎಡಗಡೆ ನಮ್ಮಿಬ್ಬರನ್ನೂ ಬರೆ. ಅಲ್ಲಿ ಅವನ ಹೆಸರನ್ನು ಎರಡು ಸಲ ಓದಿಸು.